ಅಡ್ವೊಕೇಟ್ ಜನರಲ್ ಬರೆದ ಮೂರನೇ ಹಾಳೆ

ಹನ್ನೊಂದನೆಯ ಕಂತು

ಮೂರನೇ ಹಾಳೆಯಲ್ಲಿ ನಾಲ್ಕು ತೂತುಗಳಿದ್ದವು. ಮೊದಲೆರಡು ಹಾಳೆಗಳಲ್ಲಿ ಎರಡೆರಡೇ.

ಭೂತಗನ್ನಡಿ ಇನ್ನೊಮ್ಮೆ ಎಣಿಸಿದಳು. ಎರಡು ಸಲ ಎಣಿಸಬೇಕಾದ ಸಂಖ್ಯೆಯೇನಲ್ಲ, ಆದರೂ ಎಣಿಸಿದಳು. ಸರ್ಕಾರಿ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕಳ್ಳ ಸಹಿ, ಸುಳ್ಳು ಉಯಿಲು, ತಿದ್ದಿದ ಅಂಕಪಟ್ಟಿಗಳ ಮೇಲೆ ಬಗ್ಗಿ ಬಗ್ಗಿ ಆಕೆಗೆ ಆ ಅಡ್ಡಹೆಸರು ಅಂಟಿಕೊಂಡಿತ್ತು. ನಿಜವಾದ ಹೆಸರು ಹಿಡಿದು ಕರೆಯುವವನು ಈಗ ಗಂಡನೊಬ್ಬನೇ. ಅವನೂ ಮನೆಸಾಮಾನಿನ ಚೀಟಿ ಬರೆಯುವುದನ್ನು ಬಿಟ್ಟು ಎಲ್ಲವನ್ನೂ ಬಾಯಲ್ಲೇ ಹೇಳುತ್ತಿದ್ದ. ಬರೆದುಕೊಟ್ಟರೆ ಅಕ್ಷರ ವಾಲಿದ್ದನ್ನು ನೋಡಿ, ಇದನ್ನು ಬರೆಯುವಾಗ ನಿಮ್ಮ ಮನಸ್ಸು ಎಲ್ಲಿತ್ತು ಎಂದು ಕೇಳುತ್ತಾಳಲ್ಲ ಎಂಬ ದಿಗಿಲು.

ಆಕೆ ಕುಳಿತಿದ್ದದ್ದು ಅಡ್ವೊಕೇಟ್ ಜನರಲ್ ಕಚೇರಿಯ ನೆಲಮಾಳಿಗೆಯಲ್ಲಿ, ದಾಖಲೆ ಕೋಣೆಯೊಳಗೆ. ಕಿಟಕಿಯಿಲ್ಲ. ಎದೆಮಟ್ಟದಿಂದ ಸೂರಿನವರೆಗೆ ಕಡತಗಳು, ಅವುಗಳ ನಡುವೆ ಒಬ್ಬರು ಅಡ್ಡತಿರುಗಿ ನಡೆಯುವಷ್ಟು ಓಣಿ. ಬಾಗಿಲೆಂದರೆ ಕಬ್ಬಿಣದ ಕಂಬಿಗಳ ಗೇಟು. ಕಾಗದಕ್ಕೆ ಗಾಳಿಯಾಡಲಿ ಎಂದು ಹಾಗೆ ಮಾಡಿಸಿದ್ದರಂತೆ. ಮನುಷ್ಯರಿಗೆ ಗಾಳಿಯಾಡುವ ಯೋಚನೆ ಯಾರಿಗೂ ಬಂದಂತಿರಲಿಲ್ಲ.

ಗಡಿಯಾರದಲ್ಲಿ ಹನ್ನೆರಡೂವರೆ. ಎರಡೂವರೆಗೆ ಮೇಲಿನ ಕೋರ್ಟಿನಲ್ಲಿ ಸುರಂಗದ ಮೊಕದ್ದಮೆ.

ಹನ್ನೆರಡು ವರ್ಷಗಳ ಹಿಂದೆ ಸರ್ಕಾರ ಕೊರೆಸುತ್ತಿದ್ದ ಸುರಂಗಕ್ಕೆ ನೀರು ನುಗ್ಗಿ ಹದಿನಾಲ್ಕು ಕೆಲಸಗಾರರು ಸತ್ತಿದ್ದರು. ಪಂಪು ನಿಲ್ಲಿಸಿ ಮಲಗಿಬಿಟ್ಟ ಎಂಬ ಆರೋಪದ ಮೇಲೆ ಪಂಪಿನವನು ಜೈಲು ಸೇರಿದ. ಅವನ ಮಗಳು ಈಗ ಬಸ್ ಕಂಡಕ್ಟರ್. ಟಿಕೆಟ್ ಹರಿಯುತ್ತಲೇ ಅಪ್ಪನಿಗಾಗಿ ಕೋರ್ಟು ಅಲೆದವಳು. ಇವತ್ತು ಅವಳ ಕೊನೆಯ ಮನವಿ. ಇದು ವಜಾ ಆದರೆ ಮುಂದೆ ತಟ್ಟಲು ಬಾಗಿಲಿಲ್ಲ.

ಆ ಪಂಪಿನವನನ್ನು ಮುಳುಗಿಸಿದ್ದು ಈ ಮೂರು ಹಾಳೆಗಳು. ಅವನ ಮೇಲೆ ಮೊಕದ್ದಮೆ ಹೂಡಬಹುದೇ ಎಂದು ಸರ್ಕಾರ ಕೇಳಿದಾಗ, ಹೂಡಬಹುದು ಎಂದು ಆಗಿನ ಅಡ್ವೊಕೇಟ್ ಜನರಲ್ ಬರೆದುಕೊಟ್ಟ ಅಭಿಪ್ರಾಯ. ಕೆಳಗೆ ಅವರದೇ ಸಹಿ. ಸಹಿ ಅಪ್ಪಟ, ಅದರಲ್ಲಿ ಭೂತಗನ್ನಡಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಸಂಶಯ ತೂತುಗಳ ಬಗ್ಗೆ. ಸಹಿಯಿದ್ದ ಮೂರನೇ ಹಾಳೆಯನ್ನು ಎರಡು ಸಲ ಕಡತಕ್ಕೆ ಪೋಣಿಸಿದ್ದರು. ಮೊದಲೆರಡನ್ನು ಒಂದೇ ಸಲ.

"ದೊಡ್ಡಕ್ಕ, ಆಗ ಕಚೇರಿಯ ಮಿಷನ್ನಿನಲ್ಲಿ ಟೈಪ್ ಮಾಡ್ತಿದ್ದೋರು ನೀವೊಬ್ಬರೇನಾ?"

ಎದುರು ಕುಳಿತಿದ್ದ ಹೆಂಗಸು ತಲೆಯೆತ್ತಿದರು. ಅಡ್ವೊಕೇಟ್ ಜನರಲ್ ಅವರ ಶೀಘ್ರಲಿಪಿಗಾರ್ತಿ. ನಲವತ್ತು ವರ್ಷದ ಸೇವೆ. ಸಾಹೇಬರುಗಳು ಬಂದುಹೋದರೂ ಇವರು ಮಾತ್ರ ಕದಲಿರಲಿಲ್ಲ. ಇಡೀ ಕಚೇರಿಗೆ ದೊಡ್ಡಕ್ಕ. ಹೊರಗಿನವರು ದಾಖಲೆ ನೋಡುವಾಗ ಕಚೇರಿಯವರೊಬ್ಬರು ಜೊತೆಗಿರಬೇಕೆಂಬ ನಿಯಮಕ್ಕಾಗಿ ಬೆಳಗ್ಗೆಯಿಂದ ಜೊತೆ ಕುಳಿತಿದ್ದರು. ಸುಮ್ಮನೆ ಕುಳಿತಾಗಲೂ ಅವರ ಬೆರಳುಗಳು ಮೇಜಿನ ಮೇಲೆ ಏನನ್ನೋ ಟೈಪ್ ಮಾಡುತ್ತಲೇ ಇರುತ್ತಿದ್ದವು.

"ನಾನೊಬ್ಬಳೇ. ಬೇರೆಯೋರು ಮುಟ್ಟಿದ್ರೆ ನಂಗೆ ಸಿಟ್ಟು ಬರ್ತಿತ್ತು."

ಬೆಳಗ್ಗೆ ಮೆಟ್ಟಿಲಿಳಿಯುವಾಗ ದೊಡ್ಡಕ್ಕ ಗೋಡೆಯ ಮರದ ಫಲಕ ತೋರಿಸಿದ್ದರು. ಹದಿನೆಂಟು ಹೆಸರು, ಹದಿನೆಂಟು ಅಡ್ವೊಕೇಟ್ ಜನರಲ್‌ಗಳು. ಸರ್ಕಾರ ಏನು ಮಾಡಬಹುದು, ಏನು ಮಾಡಬಾರದು ಎಂದು ಬರೆದುಕೊಡುವವರು ಅವರು. ಕೋರ್ಟಿನಲ್ಲಿ ಸರ್ಕಾರದ ಬಾಯಿಯೂ ಅವರೇ. ಶಾಸನಸಭೆಗೆ ಹೋಗಿ ಮಾತಾಡಬಹುದು, ಮತ ಹಾಕುವಂತಿಲ್ಲ. ಮೊದಲನೆಯವರು ಅರಸರ ಕಾಲದವರು. ಆಗ ಆ ಹುದ್ದೆಗೆ ಅರಸರ ವಕೀಲ ಎಂದೇ ಹೆಸರು. ಒಬ್ಬ ದೋಣಿಯವನ ಜಾಗವನ್ನು ಅರಸರು ಕಿತ್ತುಕೊಂಡದ್ದು ತಪ್ಪೆಂದು ಅರಸರ ವಕೀಲರೇ ಎದ್ದು ನಿಂತು ಒಪ್ಪಿಕೊಂಡರಂತೆ. ಮಾರನೇ ದಿನ ಕೆಲಸ ಹೋಯಿತು, ಫಲಕದಲ್ಲಿ ಹೆಸರು ಉಳಿಯಿತು. ಆಮೇಲೆ ಬಂದವರಲ್ಲಿ ಆ ದಾರಿ ತುಳಿದವರು ಬೆರಳೆಣಿಕೆ ಎಂದು ದೊಡ್ಡಕ್ಕ ಹೇಳಿ, ಹದಿನೇಳನೆಯ ಹೆಸರಿನ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದ್ದರು.

ಹದಿನೇಳನೆಯವರೇ ದೊಡ್ಡ ಸಾಹೇಬರು. ಈ ಹಾಳೆಗೆ ಸಹಿ ಹಾಕಿದವರು. ಹದಿನೆಂಟನೆಯವರು ಅವರ ಅಳಿಯ, ಈಗಿನ ಅಡ್ವೊಕೇಟ್ ಜನರಲ್. ಕಚೇರಿಯವರ ಬಾಯಲ್ಲಿ, ಅವರು ಇಲ್ಲದಿರುವಾಗ, ಅಳಿಯ ಸಾಹೇಬರು. ಹಾಳೆಗಳನ್ನು ಪರೀಕ್ಷಿಸಿಕೊಡಿ ಎಂದು ನಿನ್ನೆ ಭೂತಗನ್ನಡಿಯನ್ನು ಕರೆಸಿಕೊಂಡವರೂ ಅವರೇ.

ಭೂತಗನ್ನಡಿ ಮಸೂರವನ್ನು ಒಂದು ಅಕ್ಷರದಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಸಿದಳು. ಮೂರೂ ಹಾಳೆ ಒಂದೇ ಯಂತ್ರದವು. ಮೂರರಲ್ಲೂ 'ರ' ಅಕ್ಷರದ ಬಲಗಡೆ ಒಂದಿಷ್ಟು ಸವೆದಿತ್ತು. ಆದರೆ ಮೂರನೆಯದರ ಶಾಯಿ ಮಂಕು, ಹಳೇ ರಿಬ್ಬನ್ನಿನದು. ಮೊದಲೆರಡು ಹಾಳೆ ಕಪ್ಪಗೆ, ಕಾಡಿಗೆ ತೀಡಿದ ಹಾಗೆ.

ಪಕ್ಕದಲ್ಲಿ ಲೇಖನ ಸಾಮಗ್ರಿಯ ಪುಸ್ತಕವಿತ್ತು. ಯಾರಿಗೆ ಯಾವತ್ತು ಪೆನ್ಸಿಲ್, ಯಾವತ್ತು ದಾರದುಂಡೆ ಕೊಟ್ಟರು ಎಂದು ಬರೆದಿಡುವ ಪುಸ್ತಕ. ಅದನ್ನು ಆಕೆ ಅವರತ್ತ ತಿರುಗಿಸಿದಳು.

"ಅಭಿಪ್ರಾಯದ ತಾರೀಖು ಹದಿನಾಲ್ಕು. ದೊಡ್ಡ ಸಾಹೇಬರು ಎದೆನೋವಿಂದ ತೀರಿಕೊಂಡದ್ದು ಹದಿನಾರು. ಹೊಸ ರಿಬ್ಬನ್ ತಗೊಂಡಿದ್ದಕ್ಕೆ ನಿಮ್ಮ ಸಹಿ ಇರೋದು ಹದಿನೇಳಕ್ಕೆ. ಹದಿನಾಲ್ಕನೇ ತಾರೀಖಿನ ಹಾಳೆ ಹದಿನೇಳರ ರಿಬ್ಬನ್ನಿನಲ್ಲಿ ಹೇಗೆ ಟೈಪಾಯ್ತು ದೊಡ್ಡಕ್ಕ?"

ಮೇಜಿನ ಮೇಲೆ ಆಡುತ್ತಿದ್ದ ಬೆರಳುಗಳು ನಿಂತವು.

ದೊಡ್ಡಕ್ಕ ಒಮ್ಮೆಲೇ ಹೇಳತೊಡಗಿದರು, ತಮ್ಮ ಮೊಣಕಾಲಿಗೆ ಹೇಳುವವರಂತೆ. ಹದಿನೇಳರಂದು ಕಚೇರಿಗೆ ಶೋಕದ ರಜೆ. ಆದರೂ ಇವರಿಗೆ ಮನೆಯಲ್ಲಿ ಕೂರಲಾಗದೆ ಬಂದಿದ್ದರು. ಆಗ ಒಬ್ಬರು ಕೈಬರಹದ ಹಾಳೆಗಳನ್ನು ತಂದು, ದೊಡ್ಡ ಸಾಹೇಬರು ಕೊನೆಯ ದಿನ ಮನಸ್ಸು ಬದಲಿಸಿದ್ದರು, ಮೊದಲೆರಡು ಹಾಳೆ ಬೇರೆ ಟೈಪ್ ಮಾಡಿ, ಸಹಿಯ ಹಾಳೆ ಅದೇ ಇರಲಿ, ಸರ್ಕಾರ ಕಾಯುತ್ತಿದೆ ಎಂದರು. ಮೂರನೇ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ಮೇಲೆ ವಿವರಿಸಿದ ಕಾರಣಗಳಿಗಾಗಿ ಸರ್ಕಾರವು ಅದರಂತೆ ನಡೆದುಕೊಳ್ಳತಕ್ಕದ್ದು. ಮೇಲೆ ಏನು ವಿವರಿಸಿದರೂ ಹೊಂದುವ ಸಾಲು.

"ಟೈಪ್ ಮಾಡುವಾಗ್ಲೇ ಗೊತ್ತಾಯ್ತು," ದೊಡ್ಡಕ್ಕ ಹೇಳಿದರು. "ಅವರ ವಾಕ್ಯ ಹೇಗೆ ನಡೆಯುತ್ತೆ ಅಂತ ನನ್ನ ಬೆರಳಿಗೆ ಗೊತ್ತು. ಇವು ಅವರ ವಾಕ್ಯ ಅಲ್ಲ."

"ಆದ್ರೂ ಮಾಡಿದ್ರಿ."

"ಮಾಡ್ದೆ."

ಮೊದಲು ಅವರು ಹೇಳಿ ಬರೆಸಿದ್ದೇನು ಎಂದು ಭೂತಗನ್ನಡಿ ಕೇಳಿದಾಗ ದೊಡ್ಡಕ್ಕ ಎದ್ದು, ಓಣಿಯ ಕೊನೆಗೆ ಹೋಗಿ, ಕೆಳಗಿನ ಕಪಾಟಿನಿಂದ ಒಂದು ಹಳೇ ಶೀಘ್ರಲಿಪಿ ಪುಸ್ತಕ ತಂದು ತೆರೆದರು. ಹನ್ನೆರಡು ವರ್ಷ ಅದನ್ನು ಎಸೆದೂ ಇರಲಿಲ್ಲ, ಯಾರಿಗೂ ತೋರಿಸಿಯೂ ಇರಲಿಲ್ಲ. ಇರುವೆ ಹರಿದಂತಿದ್ದ ಗೆರೆಗಳನ್ನು ತಡವರಿಸದೆ ಓದಿದರು. ಸುರಂಗದ ಗೋಡೆ ಸೋರುತ್ತಿದೆ ಎಂದು ಎಂಜಿನಿಯರು ಮೂರು ಪತ್ರ ಬರೆದಿದ್ದಾರೆ. ಮೂರೂ ಇಲಾಖೆ ತಲುಪಿವೆ, ಮೂರಕ್ಕೂ ಉತ್ತರವಿಲ್ಲ. ಅಷ್ಟು ನೀರನ್ನು ಯಾವ ಪಂಪೂ ಎಳೆಯುತ್ತಿರಲಿಲ್ಲ. ಪಂಪಿನವನು ನಿರಪರಾಧಿ, ತಪ್ಪು ಸರ್ಕಾರದ್ದು, ಸರ್ಕಾರವೇ ಒಪ್ಪಿಕೊಳ್ಳಬೇಕು. ಕೊನೆಗೆ ಒಂದು ಮಾತು, ಕಡತಕ್ಕೆ ಬೇಕಿಲ್ಲದ್ದು, ಆದರೂ ಬರೆಸಿದ್ದು: 'ಬೇರೆ ವಕೀಲನಿಗೆ ಒಬ್ಬ ಕಕ್ಷಿದಾರ. ನನ್ನ ಕಕ್ಷಿದಾರನ ತಪ್ಪಿನಿಂದ ಸತ್ತವರೂ ನನ್ನ ಕಕ್ಷಿದಾರರೇ.'

ದೊಡ್ಡಕ್ಕ ಪುಸ್ತಕವನ್ನು ಮೇಜಿನ ಮೇಲೆ ಮುಚ್ಚಿಟ್ಟರು.

"ಆ ಹಾಳೆಗಳನ್ನ ತಂದೋರು ಯಾರು?"

"ಆ ಮನೆಯೋರೇ. ಅದಕ್ಕಿಂತ ಹೆಚ್ಚು ಕೇಳ್ಬೇಡಿ."

ನೀರು ತರುತ್ತೇನೆಂದು ಅವರು ಎದ್ದರು. ಹೂಜಿ ಹಿಡಿದು ಗೇಟು ದಾಟಿದರು. ಭೂತಗನ್ನಡಿ ಹಾಳೆಯ ಮೇಲೆ ಬಗ್ಗಿದ್ದವಳು ಶಬ್ದ ಕೇಳಿಯೇ ತಲೆಯೆತ್ತಿದ್ದು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಶಬ್ದ, ಅದರ ಹಿಂದೆಯೇ ಬೀಗದೊಳಗೆ ಕೀಲಿ ತಿರುಗಿದ ಶಬ್ದ.

ಕರೆದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ನಿಲ್ಲಲಿಲ್ಲ.

ಮೊದಲಿಗೆ ಆಕೆಗೆ ನಗು ಬಂತು. ಊಟದ ಹೊತ್ತಿಗೆ ಈ ಗೇಟಿಗೆ ಬೀಗ ಹಾಕುವುದು ಕಚೇರಿಯ ರೂಢಿ, ಅದೇ ಗುಂಗಿನಲ್ಲಿ ಮುದುಕಿ ಮರೆತಿರಬೇಕು. ಹತ್ತು ನಿಮಿಷ ಕಳೆಯಿತು. ಗೇಟಿನಾಚೆ ಗೋಡೆಗೆ ಮೊಳೆ ಹೊಡೆದ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಕಂಬಿಯ ನಡುವೆ ಭುಜದವರೆಗೆ ಕೈ ಚಾಚಿದಳು. ಬೆರಳ ತುದಿಗೂ ಫೋನಿಗೂ ಇನ್ನೂ ಒಂದು ಗೇಣು. ಮಸೂರದ ಹಿಡಿಯಿಂದ ಕಂಬಿಯನ್ನು ಬಡಿದಳು. ಆ ಸದ್ದು ಕಡತಗಳೊಳಗೆ ಹೋಗಿ ಅಲ್ಲೇ ಸತ್ತಿತು. ಕಾಗದಕ್ಕೆ ಸದ್ದು ಕುಡಿಯುವ ಗುಣವಿದೆ.

ಆಮೇಲೆ ನಗು ಬರಲಿಲ್ಲ. ಒಂದೇ ಬಲ್ಬು, ಅದರ ಸ್ವಿಚ್ಚೂ ಹೊರಗೆ. ಬೀಗ ಹಾಕುವುದಿದ್ದರೆ ಪುಸ್ತಕವನ್ನು ಒಳಗೇಕೆ ಬಿಟ್ಟುಹೋದರು? ತನ್ನನ್ನೂ ಪುಸ್ತಕವನ್ನೂ ಒಟ್ಟಿಗೇ ಕೂಡಿಹಾಕಬೇಕೆಂದೇ? ಹಾಗಾದರೆ ಹೇಳಿದವರು ಯಾರು? ಆ ಮನೆಯವರೇ, ಅಂದಿದ್ದರು. ದೊಡ್ಡ ಸಾಹೇಬರ ಮನೆಗೆ ಸೇರಿದವರು ಈ ಕಚೇರಿಯಲ್ಲಿ ಯಾರು?

ಮೆಟ್ಟಿಲಿಳಿಯುವ ಬೂಟಿನ ಸದ್ದು ಕೇಳಿದಾಗ ಗಂಟೆ ಒಂದೂ ಇಪ್ಪತ್ತು. ಕಂಬಿಗಳಾಚೆ ಬಂದು ನಿಂತವರು ಅಳಿಯ ಸಾಹೇಬರು.

ಕಪ್ಪು ಕೋಟು, ಬಿಳಿ ಕೊರಳಪಟ್ಟಿ, ಕೈಯಲ್ಲಿ ಮಡಚಿದ ನಿಲುವಂಗಿ. ಮಧ್ಯಾಹ್ನದ ಮೊಕದ್ದಮೆಗೆ ಸಿದ್ಧರಾದ ವೇಷ. ಐವತ್ತೈದರ ಆಸುಪಾಸು, ದಿನಾ ಹತ್ತು ಜನರಿಗೆ ಉತ್ತರ ಹೇಳಿ ಸೋತ ಮುಖ.

"ಇದೇನು, ಬೀಗ ಯಾಕೆ ಹಾಕಿದೆ?" ಎಂದರು.

"ಹಾಕಿಸಿದೋರಿಗೇ ಗೊತ್ತಿರಬೇಕಲ್ಲ."

ಅವರಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದವರಂತೆ ನಿಂತರು. ಭೂತಗನ್ನಡಿ ಕೂತಲ್ಲಿಂದಲೇ ತೂತು, ರಿಬ್ಬನ್ನು, ಸಾಮಗ್ರಿ ಪುಸ್ತಕದ ತಾರೀಖು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ದೊಡ್ಡಕ್ಕ ಒಪ್ಪಿಕೊಂಡದ್ದನ್ನೂ, ಶೀಘ್ರಲಿಪಿ ಪುಸ್ತಕದಿಂದ ಓದಿದ್ದನ್ನೂ ಹೇಳಿದಳು. ಅಳಿಯ ಸಾಹೇಬರು ಕಂಬಿಗೆ ಹಣೆ ಆನಿಸಿ ಕೇಳಿದರು. ಮುಗಿದ ಮೇಲೂ ಹಣೆ ಎತ್ತಲಿಲ್ಲ.

"ನಿನ್ನೆ ನೀವು ಸಹಿ ಹಾಕಿದ ನೇಮಕದ ಪತ್ರ ಓದಿದೀರಾ?" ಎಂದು ಕೇಳಿದರು ಕೊನೆಗೆ.

ಓದಿರಲಿಲ್ಲ. ಊರವರ ಕಾಗದವನ್ನೆಲ್ಲ ಮಸೂರ ಹಿಡಿದು ನೋಡುವವಳು ತನ್ನ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ್ದಳು.

ಅದರ ನಾಲ್ಕನೇ ಅಂಶವನ್ನು ಅವರು ಬಾಯಿಪಾಠವಾಗಿ ಹೇಳಿದರು. ಆಕೆ ಇಲ್ಲಿ ಕಂಡದ್ದೆಲ್ಲ ಸರ್ಕಾರ ತನ್ನ ವಕೀಲನಿಗೆ ಹೇಳಿದ ಗುಟ್ಟಿಗೆ ಸಮ. ಅಡ್ವೊಕೇಟ್ ಜನರಲ್ ಅನುಮತಿ ಕೊಟ್ಟರಷ್ಟೇ ಬಾಯಿ ತೆರೆಯಬಹುದು. ಇಲ್ಲವಾದರೆ ಯಾವ ಕೋರ್ಟಿನಲ್ಲೂ, ಯಾರ ಮುಂದೆಯೂ ಇಲ್ಲ.

ಭೂತಗನ್ನಡಿಗೆ ಗೇಟಿಗಿಂತ ಗಟ್ಟಿಯಾದ ಇನ್ನೊಂದು ಗೇಟು ಕಾಣಿಸಿತು. ರಾಜ್ಯದಲ್ಲಿ ಈ ಕೆಲಸ ಬಲ್ಲವಳು ತಾನೊಬ್ಬಳೇ. ಕಂಡಕ್ಟರ್ ಹುಡುಗಿಯ ವಕೀಲರು ತನ್ನನ್ನು ಹುಡುಕಿಕೊಂಡು ಬರುವ ಮೊದಲೇ ಇವರು ಕರೆಸಿಕೊಂಡಿದ್ದರು.

"ಹಾಗಾದ್ರೆ ನನ್ನ ಕರೆದದ್ದು ಗೊತ್ತುಮಾಡಿಕೊಳ್ಳೋಕಲ್ಲ. ಬಾಯಿ ಹೊಲಿಯೋಕೆ."

"ಎರಡಕ್ಕೂ," ಎಂದರು ಅಳಿಯ ಸಾಹೇಬರು. ಸುಳ್ಳು ಹೇಳುವ ಶಕ್ತಿಯೂ ಉಳಿಯದವರ ದನಿ. "ನನ್ನ ಮಾವ ಎಂಥೋರು ಅಂತ ನಿಮಗೆ ಗೊತ್ತಿಲ್ಲ. ನನ್ನನ್ನ ಕೈಹಿಡಿದು ಕೋರ್ಟಿಗೆ ಕರ್ಕೊಂಡು ಬಂದೋರು. ಮಗಳನ್ನ ಕೊಟ್ಟೋರು. ಕೊನೇ ದಿನ ಅವರೂ ಒತ್ತಡಕ್ಕೆ ಬಗ್ಗಿಬಿಟ್ರು, ತಾವೇ ಹಾಳೆ ಬದಲಾಯಿಸಿದ್ರು. ಅದು ಊರಿಗೆಲ್ಲ ಗೊತ್ತಾಗೋದು ಬೇಡ ಅಂತ ಇದ್ದೆ. ಅಷ್ಟೇ."

ಭೂತಗನ್ನಡಿ ಎದ್ದು ಗೇಟಿನ ಹತ್ತಿರ ಬಂದಳು. ಮೂರನೇ ಹಾಳೆಯನ್ನು ಕಂಬಿಗಳ ನಡುವೆ ಅವರ ಕಣ್ಣಿಗೆ ಹಿಡಿದಳು.

"ಬದುಕಿರೋ ಮನುಷ್ಯ ಮನಸ್ಸು ಬದಲಾಯಿಸಿದ್ರೆ ಹೊಸ ಹಾಳೆಗೆ ಹೊಸ ಸಹಿ ಹಾಕ್ತಾನೆ. ಹಳೇ ಸಹಿನ ಜೋಪಾನವಾಗಿ ಬಿಚ್ಚಿ ಮತ್ತೆ ಪೋಣಿಸ್ಬೇಕಾಗೋದು ಸಹಿ ಹಾಕೋ ಕೈ ತಣ್ಣಗಾದ ಮೇಲೇನೇ."

ಅವರು ಹಾಳೆಯನ್ನು ನೋಡಿದರು. ನಾಲ್ಕು ತೂತುಗಳ ಹಿಂದಿನಿಂದ ಬಲ್ಬಿನ ಬೆಳಕು ನಾಲ್ಕು ಚುಕ್ಕೆಯಾಗಿ ಅವರ ಕೋಟಿನ ಮೇಲೆ ಬಿದ್ದಿತ್ತು.

"ಮಾವನೇ ಬದಲಾಯಿಸಿದ್ರು ಅಂತ ನಿಮಗೆ ಹೇಳಿದ್ದು ಯಾರು?"

ಮಾವನ ದೇಹವನ್ನು ಇನ್ನೂ ಮನೆಯ ನಡುಕೋಣೆಯಲ್ಲಿ ಮಲಗಿಸಿದ್ದಾಗ ಭಾವಮೈದುನ ತನ್ನನ್ನು ಹಿತ್ತಲಿಗೆ ಕರೆದು ಹೇಳಿದ್ದು ಎಂದರು. ದೊಡ್ಡ ಸಾಹೇಬರ ಒಬ್ಬನೇ ಮಗ. ಅತ್ತುಕೊಂಡೇ ಹೇಳಿದ್ದನಂತೆ: ಅಪ್ಪನ ಹೆಸರು ಉಳಿಸೋದು ಈಗ ನಿಮ್ಮ ಕೈಲಿದೆ ಭಾವ.

"ಅವರು ಆಗ ಏನು ಕೆಲಸದಲ್ಲಿದ್ರು?"

"ಸುರಂಗದ ಇಲಾಖೆಯ ಕಾನೂನು ಅಧಿಕಾರಿ." ಹೇಳುತ್ತಿದ್ದಂತೆ ಅವರ ಮುಖದ ಬಣ್ಣ ಹೋಯಿತು. ಎಂಜಿನಿಯರನ ಮೂರು ಪತ್ರಗಳು ಯಾರ ಮೇಜಿಗೆ ಬರುತ್ತಿದ್ದವು ಎಂದು ಆಕೆ ಕೇಳಬೇಕಾಗಲಿಲ್ಲ. "ಅವನ ಮೇಜಿಗೇ," ಎಂದು ತಾವೇ ಹೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಆ ಮಗ ಈಗ ಇದೇ ಕಚೇರಿಯಲ್ಲಿ ಎರಡನೆಯ ಕುರ್ಚಿಯಲ್ಲಿದ್ದ. ಅಪರ ಅಡ್ವೊಕೇಟ್ ಜನರಲ್. ಚಿಕ್ಕ ಸಾಹೇಬರು. ಕರೆದು ಕೂರಿಸಿಕೊಂಡವರು ಈ ಭಾವನೇ. ಎಳವೆಯಲ್ಲಿ ಅವನು ಶಾಲೆ ಬಿಟ್ಟು ಇಲ್ಲಿಗೆ ಬಂದರೆ ತಿಂಡಿ ಕೊಟ್ಟು, ಪಾಠ ಬರೆಸಿ, ಬೆಂಚಿನ ಮೇಲೆ ಮಲಗಿಸುತ್ತಿದ್ದದ್ದು ದೊಡ್ಡಕ್ಕ. ದೊಡ್ಡಕ್ಕನಿಗೆ ಮಕ್ಕಳಿಲ್ಲ.

ಅಲ್ಲಿಗೆ ದೊಡ್ಡಕ್ಕ ಬೀಗ ಹಾಕಿದ್ದು ಯಾರಿಗಾಗಿ ಎಂದು ಇಬ್ಬರಿಗೂ ಹೊಳೆಯಿತು.

"ನಾನು ರಾಜೀನಾಮೆ ಕೊಟ್ಟುಬಿಡ್ತೀನಿ," ಎಂದರು ಅಳಿಯ ಸಾಹೇಬರು. "ಹೆಂಡತಿಗೆ ಏನಂತ ಹೇಳ್ಲಿ? ಅವಳಿಗೆ ಇರೋದು ಒಬ್ಬನೇ ತಮ್ಮ. ನಾನು ಎದ್ದುಹೋದ್ರೆ ನನ್ನ ಬಾಯಿಂದಂತೂ ಸುಳ್ಳು ಬರೋದಿಲ್ಲ."

"ನಿಜವೂ ಬರೋದಿಲ್ಲ." ಭೂತಗನ್ನಡಿ ಕಂಬಿ ಹಿಡಿದು ಬಗ್ಗಿದಳು. "ಗುಟ್ಟು ನಿಮ್ಮದಲ್ಲ, ಕುರ್ಚಿದು ಅಂತ ಈಗ ತಾನೇ ಹೇಳಿದ್ರಿ. ನೀವು ಎದ್ರೆ ಆ ಕುರ್ಚಿಲಿ ಯಾರು ಕೂರ್ತಾರೆ? ನನ್ನ ಬಾಯಿ ಬಿಚ್ಚೋ ಹಕ್ಕು ಯಾರಿಗೆ ಹೋಗುತ್ತೆ? ಇವತ್ತು ಒಂದು ಮಧ್ಯಾಹ್ನ ಕೂತಿರಿ. ಆಮೇಲೆ ನಿಮ್ಮಿಷ್ಟ."

ಕಂಬಿಯ ಹೊರಗಿದ್ದವರು ಅವರು, ಒಳಗಿದ್ದವಳು ತಾನು. ಆದರೂ ಆ ಗಳಿಗೆಯಲ್ಲಿ ಯಾರು ಹೆಚ್ಚು ಸಿಕ್ಕಿಬಿದ್ದಿದ್ದಾರೆಂದು ಹೇಳುವುದು ಆಕೆಗೆ ಕಷ್ಟವಾಯಿತು. ಮನೆಗೆ ಹೋದರೆ ಹೆಂಡತಿ, ಕಚೇರಿಗೆ ಬಂದರೆ ಮಾವನ ಹೆಸರು, ಕೋರ್ಟಿಗೆ ಹತ್ತಿದರೆ ಬಸ್ ಕಂಡಕ್ಟರ್ ಹುಡುಗಿ.

ಎದ್ದರು. "ಇನ್ನೊಂದು ಕೀಲಿ ನನ್ನ ಕೋಣೆಯಲ್ಲಿದೆ. ಐದು ನಿಮಿಷ," ಎಂದು ಹತ್ತಿ ಹೋದರು.

ಐದು ನಿಮಿಷ ಕಳೆಯಿತು. ಹತ್ತಾಯಿತು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು. ಆರಿದರೆ ಗಡಿಯಾರವೂ ಕಾಣುವುದಿಲ್ಲ. ಮನಸ್ಸು ಬದಲಿಸಿದರೇ? ಬದಲಿಸಲು ಅವರಿಗೆ ಹೆಚ್ಚೇನೂ ಮಾಡಬೇಕಿರಲಿಲ್ಲ. ಕೆಳಗಿಳಿಯದಿದ್ದರೆ ಸಾಕಿತ್ತು. ನಾಲ್ಕು ಗಂಟೆಗೆ ಯಾರೋ ಬಂದು ಬೀಗ ತೆಗೆದು, ಅಯ್ಯೋ ಒಳಗಿದ್ರಾ ಮೇಡಂ, ಎಂದು ಕೈಮುಗಿಯುತ್ತಿದ್ದರು. ಅಷ್ಟರಲ್ಲಿ ಮೇಲೆ ಎಲ್ಲ ಮುಗಿದಿರುತ್ತಿತ್ತು.

ಹೊತ್ತು ಕಳೆಯಲು ಆಕೆ ವರದಿ ಬರೆದಳು. ಐದೇ ಸಾಲು. ತನ್ನ ಕೈಬರಹ ಬಲಕ್ಕೆ ವಾಲುತ್ತಿದ್ದುದನ್ನು ಕಂಡು ಪೆನ್ನು ಕೆಳಗಿಟ್ಟಳು.

ಎರಡೂ ಹತ್ತಕ್ಕೆ ಕೀಲಿ ತಿರುಗಿತು. ಅಳಿಯ ಸಾಹೇಬರು ಮುಖ ತೊಳೆದುಕೊಂಡು ಬಂದಿದ್ದರು, ಕೊರಳಪಟ್ಟಿ ಒದ್ದೆ. ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದೆ ಎಂದರು. ಆಕೆ ಏನೆಂದರು ಎಂದು ಭೂತಗನ್ನಡಿ ಕೇಳಲಿಲ್ಲ. ಆ ಕಣ್ಣು ನೋಡಿದ ಮೇಲೆ ಕೇಳುವಂತಿರಲಿಲ್ಲ.

ಮೇಲೆ ಅವರ ಕೋಣೆಯಲ್ಲಿ, ಭೂತಗನ್ನಡಿ ಮಾತಾಡಬಹುದೆಂಬ ಅನುಮತಿಯನ್ನು ಎರಡು ಸಾಲಿನಲ್ಲಿ ಬರೆದರು. ಅದನ್ನೂ, ಮೂರು ಹಾಳೆಗಳನ್ನೂ, ಶೀಘ್ರಲಿಪಿ ಪುಸ್ತಕವನ್ನೂ, ವರದಿಯನ್ನೂ ಕಂದು ಲಕೋಟೆಗೆ ತುಂಬಿದರು. ಅರಗಿನ ಮುದ್ರೆ ಒಳಕೋಣೆಯಲ್ಲಿತ್ತು. ಲಕೋಟೆ ಸಮೇತ ಒಬ್ಬರೇ ಒಳಗೆ ಹೋಗಿ, ಮುದ್ರೆ ಒತ್ತಿ ತಂದು, ಲಕೋಟೆಯನ್ನು ಆಕೆಯ ಕೈಗೇ ಕೊಟ್ಟರು. ನ್ಯಾಯಮೂರ್ತಿಗಳಿಗೆ ಇದು ನಿಮ್ಮ ಕೈಯಿಂದಲೇ ಸೇರಲಿ, ನನ್ನ ಕೈಯಿಂದ ಬೇಡ ಎಂದರು.

ಕೋರ್ಟು ಭರ್ತಿಯಾಗಿತ್ತು. ಕಂಡಕ್ಟರ್ ಹುಡುಗಿ ಸಮವಸ್ತ್ರದಲ್ಲೇ ಬಂದಿದ್ದಳು, ಹೆಗಲಿಗೆ ಟಿಕೆಟ್ ಚೀಲ. ಅರ್ಧ ದಿನದ ರಜೆ ಸಿಕ್ಕಿದ್ದೇ ಹೆಚ್ಚಂತೆ. ಭೂತಗನ್ನಡಿ ಅವಳ ಪಕ್ಕದಲ್ಲೇ ಜಾಗ ಹಿಡಿದಳು. ಹುಡುಗಿ ಯಾರೆಂದು ಕೇಳಲಿಲ್ಲ, ಸರಿದು ಕುಳಿತಳು, ಬಸ್ಸಿನಲ್ಲಿ ಸರಿದು ಜಾಗ ಕೊಡುವಂತೆ.

ನ್ಯಾಯಮೂರ್ತಿ ಬಂದರು. ನೆಗಡಿಯಾದ ಮುದುಕರು, ಕೈಯಲ್ಲಿ ಕರವಸ್ತ್ರ. ಗುಮಾಸ್ತ ಮೊಕದ್ದಮೆಯ ಸಂಖ್ಯೆ ಕೂಗಿದ. ಅಳಿಯ ಸಾಹೇಬರು ಎದ್ದು ನಿಂತು, ಸರ್ಕಾರದ ಪರವಾಗಿ ತಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ ಎಂದು ಆರಂಭಿಸಿದರು.

"ಸ್ವಲ್ಪ ತಡೀರಿ," ಎಂದರು ನ್ಯಾಯಮೂರ್ತಿ. ಮುಂದಿದ್ದ ಒಂದು ಕಾಗದವನ್ನು ಕನ್ನಡಕ ಸರಿಪಡಿಸಿಕೊಂಡು ಮತ್ತೆ ಓದಿದರು. "ನೀವು ಯಾವ ಅಧಿಕಾರದಿಂದ ಮಾತಾಡ್ತಿದೀರಿ? ನಿಮ್ಮ ರಾಜೀನಾಮೆ ಒಂದೂಮುಕ್ಕಾಲಿಗೆ ರಾಜ್ಯಪಾಲರಿಗೆ ತಲುಪಿದೆ. ಎರಡಕ್ಕೆ ಅಂಗೀಕಾರ ಆಗಿದೆ."

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ಕಾಗದವನ್ನು ಅಳಿಯ ಸಾಹೇಬರ ಕೈಗೆ ದಾಟಿಸಿದರು. ಅವರು ನೋಡಿದರು, ಬಹಳ ಹೊತ್ತು ನೋಡಿದರು.

ಬರೆದದ್ದು ತಾನೇ, ಸಹಿಯೂ ತನ್ನದೇ ಎಂದು ಒಪ್ಪಿಕೊಂಡರು. ಆ ಕಚೇರಿಯಲ್ಲೊಂದು ಪದ್ಧತಿಯಿತ್ತು. ಹೊಸದಾಗಿ ಕುರ್ಚಿಯಲ್ಲಿ ಕುಳಿತವರು ಮೊದಲ ದಿನವೇ ತಾರೀಖು ಹಾಕದ ರಾಜೀನಾಮೆಯೊಂದನ್ನು ಬರೆದು ಮೇಜಿನ ಖಾನೆಯಲ್ಲಿಡುವುದು. ಕೆಲಸ ಹೋದೀತೆಂಬ ಹೆದರಿಕೆ ಅಂದೇ ಮುಗಿದುಹೋಗಲಿ ಎಂದು. ಅದನ್ನು ಹನ್ನೆರಡು ವರ್ಷದ ಹಿಂದೆ ಬರೆದಿಟ್ಟಿದ್ದೆ ಎಂದರು.

"ತಾರೀಖು ಮಾತ್ರ ನನ್ನ ಅಕ್ಷರ ಅಲ್ಲ, ಮಹಾಸ್ವಾಮಿ."

"ಮತ್ತೆ ಯಾರದು?"

"ನನ್ನ ಶೀಘ್ರಲಿಪಿಗಾರ್ತಿದು."

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಚಿಕ್ಕ ಸಾಹೇಬರು ನಿಲುವಂಗಿಯ ತೋಳು ಸರಿಮಾಡಿಕೊಳ್ಳುತ್ತ ನಡುದಾರಿಯಲ್ಲಿ ಬಂದರು. ಅವರ ಹಿಂದೆ ಕಡತ ಹಿಡಿದು ದೊಡ್ಡಕ್ಕ. ಭೂತಗನ್ನಡಿಯ ಬೆಂಚನ್ನು ದಾಟುವಾಗ ದೊಡ್ಡಕ್ಕ ಕಣ್ಣೆತ್ತಲಿಲ್ಲ. ಕಡತದ ಬೆನ್ನಿನ ಮೇಲೆ ಅವರ ಬೆರಳುಗಳು ಒಂದೇ ಸಮನೆ ಬಡಿಯುತ್ತಿದ್ದವು.

ಚಿಕ್ಕ ಸಾಹೇಬರ ಮಾತು ಮೆತ್ತಗೆ, ಅಚ್ಚುಕಟ್ಟು. ಹುದ್ದೆ ತೆರವಾದ್ದರಿಂದ ಈ ಗಳಿಗೆಯಿಂದ ಅಡ್ವೊಕೇಟ್ ಜನರಲ್ ಕೆಲಸ ನೋಡುವವರು ತಾವು. ಭಾವನವರ ಆರೋಗ್ಯದ ಬಗ್ಗೆ ಮನೆಯವರಿಗೆಲ್ಲ ಕಳವಳವಿದೆ. ಮೂರನೇ ಬೆಂಚಿನಲ್ಲಿ ಕುಳಿತಿರುವ ಹೆಂಗಸು ಸರ್ಕಾರ ನೇಮಿಸಿಕೊಂಡ ತಜ್ಞೆ. ಎರಡು ಗಂಟೆಯ ನಂತರ ಆಕೆಗೆ ಯಾರಾದರೂ ಅನುಮತಿ ಕೊಟ್ಟಿದ್ದರೆ ಅದಕ್ಕೆ ಬೆಲೆಯಿಲ್ಲ. ಆಕೆಯ ಕೈಯಲ್ಲಿರುವ ಲಕೋಟೆ ಸರ್ಕಾರದ ಗುಟ್ಟು. ಅದನ್ನು ತೆರೆಯದೆ ತಮ್ಮ ವಶಕ್ಕೆ ಕೊಡಿಸಬೇಕು.

ನ್ಯಾಯಮೂರ್ತಿ ಕರವಸ್ತ್ರ ಮಡಚಿದರು, ಮತ್ತೆ ಬಿಚ್ಚಿದರು. ಕಾನೂನು ಯಾರ ಕಡೆಗಿದೆಯೆಂದು ಅವರಿಗೆ ಗೊತ್ತಿತ್ತು. ಅದು ಅವರಿಗೆ ಹಿಡಿಸಲಿಲ್ಲವೆಂದು ಮುಖ ನೋಡಿದ ಎಲ್ಲರಿಗೂ ಗೊತ್ತಾಯಿತು.

"ತಜ್ಞರೇ, ಲಕೋಟೆಯನ್ನ ಅವರಿಗೆ ಕೊಡಿ."

ಭೂತಗನ್ನಡಿ ಎದ್ದಳು. ಪಕ್ಕದ ಹುಡುಗಿ ಆಕೆಯ ಸೆರಗಿನ ತುದಿ ಹಿಡಿದಿದ್ದಳು, ಹಿಡಿದಿದ್ದೇನೆಂದು ಅವಳಿಗೇ ತಿಳಿಯದ ಹಾಗೆ.

"ಅಕ್ಕ, ಅದರಲ್ಲಿ ನಮ್ಮಪ್ಪನ ವಿಷಯ ಇದೆಯಾ?"

ಇದೆ ಎನ್ನುವಂತಿಲ್ಲ. ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಬಾಗಿಲಲ್ಲಿ ಪೊಲೀಸಿನವನೊಬ್ಬ ಬಂದು ನಿಂತ. ಚಿಕ್ಕ ಸಾಹೇಬರು ನಗುಮುಖದಲ್ಲೇ ಕೈ ಚಾಚಿದರು. ಆಕೆ ಲಕೋಟೆಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಇಟ್ಟಳು. ಬೆನ್ನಿಗೆ ಬೆಂಚು ತಾಗಿತು.

ವಕೀಲರ ಸಾಲಿನಿಂದ ಅಳಿಯ ಸಾಹೇಬರು ಹೊರಗೆ ಬಂದಿದ್ದರು. ನಿಲುವಂಗಿ ಕಳಚಿ ತೋಳಿನ ಮೇಲೆ ಹಾಕಿಕೊಂಡು, ಜನರು ಕೂರುವ ಕಡೆಗೆ ಮೆಲ್ಲಗೆ ನಡೆದರು. ಆಕೆಯ ಪಕ್ಕದಿಂದ ಹಾಯುವಾಗ, ತುಟಿ ಅಲುಗಿತೋ ಇಲ್ಲವೋ ಎಂಬಂತೆ, ಒಂದೇ ಮಾತು ಹೇಳಿದರು.

"ಕೊಟ್ಟುಬಿಡಿ. ಅದರೊಳಗೆ ಏನೂ ಇಲ್ಲ."